ಬಲಮಗ್ಗುಲ ಬ್ಯಾನಿ

ಯಾವುದು ಬೇಕು ಎಂದು ಅರಿವಳಿಕೆ ಡಾಕ್ಟರು ಕೇಳಿದಾಗ ದುರ್ಗಾದೇವಿಗೆ ಮೊದಲು ಆದದ್ದು ನಾಚಿಕೆ. ಡಾಕ್ಟರ್ ಬಸವಂತರಾಯರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಬಟ್ಟೆಯಂಗಡಿಯವನು ಸೀರೆಗಳನ್ನು ಒಂದರ ಮೇಲೊಂದು ಬಿಡಿಸಿ ಹಾಕಿ ಗಿರಾಕಿಯ ಮುಖ ನೋಡುವಂತೆ ಅವಳ ಮುಖ ನೋಡುತ್ತಿದ್ದರು. ಮಸ್ಕಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಜಂಪರು ಹೊಲಿಯುವ ಅವಳು ದಿನವೆಲ್ಲ ಬೇರೆಯವರನ್ನು ಕೇಳುವವಳು. ತೋಳು ಎಷ್ಟಿರಲಿ, ಕೊರಳು ಎಷ್ಟು ಇಳಿಯಲಿ, ಹಿಂದೆ ದಾರ ಬೇಕೋ ಬೇಡವೋ. ಅವಳನ್ನು ಯಾರೂ ಕೇಳಿದ್ದಿಲ್ಲ. ನೋವಿನ ವಿಷಯದಲ್ಲಂತೂ ನೋಯುತ್ತಿದೆಯೇ ಎಂದು ಕೇಳುತ್ತಾರೆ, ಹೌದೆಂದರೆ ತಡ್ಕೋ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಈಗ ಇವರು ನೋವನ್ನು ಬಟ್ಟೆಯ ಹಾಗೆ ಹರವಿಟ್ಟು, ಎಷ್ಟು ತೆಗೆಯಲಿ, ಎಷ್ಟು ಉಳಿಸಲಿ ಎಂದು ಕೇಳುತ್ತಿದ್ದಾರೆ. ಕಿಟಕಿಯಾಚೆಯ ಅಕ್ಕಿ ಗಿರಣಿಯಿಂದ ಬೇಯಿಸಿದ ಭತ್ತದ ವಾಸನೆ ಬೆಳಗಿನ ಬಿಸಿಲಿನ ಜೊತೆ ಒಳಗೆ ಬರುತ್ತಿತ್ತು. ಅವಳು ಡಾಕ್ಟರ ಹಸಿರು ಅಂಗಿಯ ಹೆಗಲಿನಲ್ಲಿ ಹೊಲಿಗೆ ಬಿಟ್ಟಿದ್ದ ಜಾಗವನ್ನೇ ನೋಡಿದಳು.

ಅವರು ಬೇಸರವಿಲ್ಲದೆ ಇನ್ನೊಮ್ಮೆ ಬಿಡಿಸಿ ಹೇಳಿದರು. ಮೂರು ಥರ ಇವೆ, ಮೂರೂ ಬೆನ್ನಿನ ಅದೇ ಜಾಗಕ್ಕೆ ಹಾಕುವಂಥವು. ಮೊದಲನೆಯದರಲ್ಲಿ ಬೆನ್ನೆಲುಬಿನ ಸಂದಿಯಲ್ಲಿ ದಾರದಂಥ ಒಂದು ನಳಿಗೆ ಇಟ್ಟು ಔಷಧಿಯನ್ನು ಒಂದೇ ಸಮನೆ ಬಿಡುತ್ತಾರೆ. ಹೆರಿಗೆಯ ಬ್ಯಾನಿ ಹೆಚ್ಚುಕಡಿಮೆ ಪೂರಾ ಹೋಗುತ್ತದೆ, ಆದರೆ ಕಾಲುಗಳು ಭಾರವಾಗುತ್ತವೆ, ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಎರಡನೆಯದು ಜೋಡಿ. ಮೊದಲು ಸಣ್ಣ ಸೂಜಿಯಿಂದ ಇನ್ನೂ ತುಸು ಒಳಗೆ, ಬೆನ್ನುಹುರಿಯ ಸುತ್ತ ಇರುವ ನೀರಿಗೇ ಸ್ವಲ್ಪ ಔಷಧಿ. ನೋಡನೋಡುತ್ತಿದ್ದಂತೆ ಆರಾಮ, ಮೈ ಸ್ವಲ್ಪ ತುರಿಸಬಹುದು. ಅದರ ಬಲ ಇಳಿಯುವ ಹೊತ್ತಿಗೆ ನಳಿಗೆಯಿಂದ ಮುಂದಿನದು. ಮೂರನೆಯದರಲ್ಲೂ ಅದೇ ನಳಿಗೆ, ಆದರೆ ಔಷಧಿ ತೆಳುವು. ಕಾಲು ಹೇಳಿದ ಮಾತು ಕೇಳುತ್ತವೆ, ಹೊಟ್ಟೆ ಬಿಗಿಯುವುದು ತಿಳಿಯುತ್ತದೆ, ಸ್ವಲ್ಪ ನೋವು ಉಳಿಯುತ್ತದೆ. ಕೈಗೊಂದು ಗುಂಡಿ ಕೊಡುತ್ತಾರೆ, ತಾಳಲಾಗದಾಗ ತಾನೇ ಒತ್ತಿ ಇನ್ನಷ್ಟು ತರಿಸಿಕೊಳ್ಳಬಹುದು, ಎಷ್ಟು ಒತ್ತಿದರೂ ಮಿಷನ್ನು ಮಿತಿ ಮೀರಿ ಬಿಡುವುದಿಲ್ಲ. ಮೂರರಲ್ಲಿ ಯಾವುದೂ ತಪ್ಪಲ್ಲ, ಯಾವುದೂ ಬೇಡ ಎಂದರೆ ಅದೂ ತಪ್ಪಲ್ಲ. ಆದರೆ ಬ್ಯಾನಿ ಜೋರಾದ ಮೇಲೆ ಅಲುಗಾಡದೆ ಬೆನ್ನು ಬಾಗಿಸಿ ಕೂರುವುದು ಕಷ್ಟ, ಬೇಗ ಹೇಳಿದರೆ ಒಳ್ಳೆಯದು ಎಂದು ಎದ್ದುಹೋದರು.

ಗಂಡ ಕನಕರಾಯನಿಗೆ ಜೋಡಿಯದೇ ಆಗಬೇಕಿತ್ತು. ಟ್ರ್ಯಾಕ್ಟರ್ ರಿಪೇರಿ ಮಾಡುವ ಅವನಿಗೆ ಯಾವ ಕೆಲಸದಲ್ಲೂ ಕೂಡಲೇ ಗುಣ ಕಾಣಬೇಕು. ವಾರದಿಂದ ಫೋನಿನಲ್ಲಿ ಹೆರಿಗೆಯ ವಿಡಿಯೋಗಳನ್ನು ನೋಡಿ ನೋಡಿ ಅವನ ಕಣ್ಣು ಕೆಂಪಾಗಿದ್ದವು. ಬಾಗಿಲಲ್ಲಿ ನಿಂತು, ಒಳಗೆ ಬರಲೂ ಆಗದೆ ಹೋಗಲೂ ಆಗದೆ, ಲಗೂ ಆರಾಮ ಆಗೋದು ತಗೋ, ಅದರಾಗ ವಿಚಾರ ಮಾಡೋದೇನೈತಿ ಎಂದ. ಅತ್ತೆ ಮುದುಕಮ್ಮನಿಗೆ ಮೂರೂ ಬೇಡವಾಗಿದ್ದವು. ಬೆನ್ನಿಗೆ ಚುಚ್ಚಿಸಿಕೊಂಡವರು ಮುಂದೆ ಬಗ್ಗಿ ಕಸ ಹೊಡೆಯಲಾರರು ಎಂದು ಓಣಿಯ ಬಸ್ಸಮ್ಮ ಹೇಳಿದ್ದನ್ನು ಅವಳು ಮಸ್ಕಿಯಿಂದ ಸಿಂಧನೂರಿನವರೆಗೆ ಕಾರಿನಲ್ಲಿ ತಿರುಗಿಸಿ ಮುರುಗಿಸಿ ಹೇಳುತ್ತ ಬಂದಿದ್ದಳು. ಡಾಕ್ಟರ ಮುಂದೆಯೂ ಅದನ್ನೇ ಕೇಳಿದಳು. ಸೂಜಿ ಹಾಕಿದ ಜಾಗ ಒಂದೆರಡು ದಿನ ನೋಯಬಹುದು, ಬಾಳಪೂರ್ತಿ ನೋಯುತ್ತದೆ ಅನ್ನುವುದು ಸುಳ್ಳು ಎಂದು ಅವರು ನಕ್ಕು ಹೇಳಿದಾಗ ಅವಳು ನಂಬಿದಂತೆ ಮಾತ್ರ ಕಾಣಲಿಲ್ಲ. ಈಗ ಮೂಲೆಯಲ್ಲಿ ಕಾಲು ಮಡಚಿ ಕೂತು, ತಂದ ಗಂಟಿನಿಂದ ಹಳೆಯ ಮೆತ್ತನೆಯ ಸೀರೆಗಳನ್ನು ತೆಗೆದು ಕೂಸಿಗೆಂದು ಹರಿಯುತ್ತಿದ್ದಳು. ಆ ಹರಿಯುವ ಸದ್ದು ದುರ್ಗಾದೇವಿಯ ಹಲ್ಲು ಜುಮ್ಮೆನ್ನಿಸುತ್ತಿತ್ತು.

ಅವಳನ್ನು ಯಾರೂ ಕೇಳಿದ್ದಿಲ್ಲ ಎಂಬುದು ಸುಳ್ಳು. ಒಮ್ಮೆ ಕೇಳಿದ್ದರು. ಎರಡು ವರ್ಷದ ಹಿಂದೆ, ಚೊಚ್ಚಲಿಗೆಂದು ತವರಾದ ಮುದಗಲ್ಲಿಗೆ ಹೋಗಿದ್ದಾಗ, ಎಂಟನೇ ತಿಂಗಳಿನಲ್ಲಿ ಒಂದು ದಿನ ಹೊಟ್ಟೆಯೊಳಗಿನ ಒದೆತ ನಿಂತುಹೋಗಿತ್ತು. ತಾಯಿ ಆದಮ್ಮ ಬೆಲ್ಲದ ನೀರು ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ, ಕೊನೆಗೆ ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಬಂದಳು. ಅಲ್ಲಿನ ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತ ಆಡಿಸುತ್ತ ಮಾತು ನಿಲ್ಲಿಸಿದಳು. ಹೋದ ಕೂಸನ್ನೂ ಹಡೆಯಲೇಬೇಕು ಎಂಬುದು ದುರ್ಗಾದೇವಿಗೆ ಅಲ್ಲಿಯತನಕ ತಿಳಿದಿರಲಿಲ್ಲ. ಬ್ಯಾನಿ ಬರಿಸಿದರು, ಬಂತು, ಇಡೀ ಹಗಲು ಬಂತು. ಬದುಕಿರುವ ಕೂಸಿಗೆ ಬರುವ ಬ್ಯಾನಿಗೂ ಅದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲವಂತೆ, ಪಕ್ಕದ ಮಂಚದವಳು ಹಾಗೆಂದಳು. ಎಲ್ಲ ಮುಗಿದ ಮೇಲೆ ಒಬ್ಬ ನರ್ಸು, ಒಳ್ಳೆಯ ಹೆಂಗಸು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎದೆಯ ಹತ್ತಿರ ಹಿಡಿದುಕೊಂಡು ಬಂದು, ನೋಡ್ತೀಯೇನವ್ವಾ ಎಂದು ಕೇಳಿದಳು. ದುರ್ಗಾದೇವಿ ಗೋಡೆಯ ಕಡೆಗೆ ತಿರುಗಿ ಮಲಗಿದಳು. ನರ್ಸು ಸ್ವಲ್ಪ ಹೊತ್ತು ಕಾದಳು. ಅವಳ ಚಪ್ಪಲಿಯ ಸಪ್ಪಳ ದೂರವಾಗುವವರೆಗೆ ಗೋಡೆಯ ಮೇಲಿನ ಸುಣ್ಣದ ಹಕ್ಕಳೆಗಳನ್ನು ನೋಡುತ್ತ ಮಲಗಿದ್ದು ನೆನಪಿದೆ. ಅಪ್ಪ, ಗಂಡ ಯಾರೋ ತೆಗೆದುಕೊಂಡು ಹೋದರು. ಹೆಣ್ಣು ಎಂದು ಯಾರೋ ಹೊರಗೆ ಹೇಳಿದ್ದು ಕೇಳಿಸಿತು. ಮರುದಿನ ಸಂಜೆ ಅತ್ತೆ ಬಂದು ಮಂಚದ ಕಾಲ್ದೆಸೆಯಲ್ಲಿ ನಿಂತು, ಹೊದಿಕೆಯ ಅಂಚು ಸರಿಮಾಡಿ, ಒಂದು ಮಾತನ್ನೂ ಆಡದೆ ಮಸ್ಕಿಯ ಬಸ್ಸಿಗೆ ಹೊರಟುಹೋದಳು. ಅಯ್ಯೋ ಎಂದಿದ್ದರೂ ಸಾಕಿತ್ತು. ಆ ಮೌನವನ್ನು ದುರ್ಗಾದೇವಿ ಎರಡು ವರ್ಷ ಅತ್ತೆಯ ಕೈಯ ರೊಟ್ಟಿಯ ಜೊತೆ ನುಂಗುತ್ತ ಬಂದಿದ್ದಳು.

ಹಾಗಾಗಿ ಆ ಕೂಸಿಗೆ ಅವಳ ಮನಸ್ಸಿನಲ್ಲಿ ಮುಖವಿರಲಿಲ್ಲ. ಬೇರೆ ತಾಯಂದಿರಿಗೆ ನಗು, ಅಳು, ಹಾಲಿನ ವಾಸನೆ ಉಳಿಯುತ್ತವೆ. ಅವಳಿಗೆ ಉಳಿದದ್ದು ಆ ಹಗಲಿನ ಬ್ಯಾನಿ ಒಂದೇ. ಹೊಲಿಗೆಯ ನಡುವೆ ಮಿಷನ್ನಿನ ಮೇಲೆ ಬಗ್ಗಿದಾಗ, ಕೊಡ ಎತ್ತಿದಾಗ ಎಲ್ಲಿಂದಲೋ ಅದರ ನೆನಪು ಸೊಂಟದಲ್ಲಿ ಹೊರಳುತ್ತಿತ್ತು, ಅವಳು ಆಗ ಒಂದು ಗಳಿಗೆ ಕೆಲಸ ನಿಲ್ಲಿಸುತ್ತಿದ್ದಳು. ಮಗಳನ್ನು ಮಾತಾಡಿಸಿದಷ್ಟೇ ಆಗುತ್ತಿತ್ತು. ಈಗ ಎರಡನೆಯದಕ್ಕೆ ಹೂವಿನ ಹಾಸು ಹಾಸಿ ನೋವಿಲ್ಲದೆ ಬಾ ಎಂದರೆ ಅದು ಭೇದವಲ್ಲವೇ? ಸತ್ತದ್ದಕ್ಕೆ ಅಷ್ಟು, ಬದುಕಿದ್ದಕ್ಕೆ ಇಷ್ಟು? ಇದನ್ನು ಬಸವಂತರಾಯರಿಗೆ ಹೇಗೆ ಹೇಳುವುದು? ಮೂರನೆಯದು ಹಾಕ್ರಿ ಎಂದು ಅವಳು ಪೀರ್‌ಬೀಯ ಕೈಲಿ ಹೇಳಿ ಕಳಿಸಿದಳು. ಪೀರ್‌ಬೀ ಈ ದವಾಖಾನೆಯ ನರ್ಸು. ಒಳ್ಳೆಯದು ಆರಿಸಿಕೊಂಡಿ, ಮುಕ್ಕರಿಸಲಿಕ್ಕೆ ಅನುಕೂಲ ಎಂದಳು. ಹೌದು, ಅದಕ್ಕೇ ಎಂದಳು ದುರ್ಗಾದೇವಿ. ಸ್ವಲ್ಪ ನೋವು ಉಳಿಯುತ್ತದೆ ಎಂದಿದ್ದರಲ್ಲ, ಆ ಉಳಿದದ್ದು ತನಗೆ ಬೇಕಾಗಿತ್ತು ಎಂದು ಹೇಳಲಿಲ್ಲ.

ಮಂಚದ ಅಂಚಿಗೆ ಕೂರಿಸಿ, ಎದೆಗೆ ದಿಂಬು ಅಪ್ಪಿಸಿ, ಬೆಕ್ಕು ಬೆನ್ನು ಬಗ್ಗಿಸುತ್ತದಲ್ಲ ಹಾಗೆ ಬಗ್ಗು ಎಂದರು. ಪೀರ್‌ಬೀ ಎದುರಿಗೆ ನಿಂತು ಹೆಗಲು ಹಿಡಿದಳು. ಸ್ಪಿರಿಟ್ಟಿನ ತಂಪು, ಇರುವೆ ಕಚ್ಚಿದಂಥ ಸಣ್ಣ ಚುಚ್ಚು, ಆಮೇಲೆ ಚರ್ಮದ ಒಳಗೆ ಯಾರೋ ಹೆಬ್ಬೆರಳು ಒತ್ತಿದಂಥ ಭಾರ. ಅಷ್ಟರಲ್ಲಿ ಒಂದು ಬ್ಯಾನಿ ಬಂತು. ಅಲುಗಬ್ಯಾಡ ಎಂದರು. ಅವಳು ಪೀರ್‌ಬೀಯ ಎದೆಗೆ ಹಣೆಯೊತ್ತಿ ಕಲ್ಲಾದಳು. ಬೆನ್ನ ಹಿಂದಿನ ಗಂಡಸಿನ ಬೆರಳುಗಳಿಗೆ, ಬಿಚ್ಚಿದ ಗೌನಿಗೆ, ಬಾಗಿಲಾಚೆ ಕೆಮ್ಮುತ್ತಿದ್ದ ಗಂಡನಿಗೆ, ಎಲ್ಲಕ್ಕೂ ನಾಚಬೇಕೆಂದು ನೆನಪಿತ್ತು, ಆದರೆ ನಾಚಲು ಪುರುಸೊತ್ತಿರಲಿಲ್ಲ. ನಳಿಗೆ ಅಂಟಿಸಿ ಮಲಗಿಸಿದ ಮೇಲೆ ತುಸು ಹೊತ್ತಿಗೆ ಎಡಗಾಲು ಬಿಸಿನೀರಿಗಿಳಿದಂತೆ ಬೆಚ್ಚಗಾಯಿತು. ಮುಂದಿನ ಬ್ಯಾನಿ ಬಂದಾಗ ಅವಳಿಗೆ ಆಶ್ಚರ್ಯವಾಯಿತು. ಎಡಮಗ್ಗುಲಲ್ಲಿ ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲಿತು, ಅಷ್ಟೇ. ಬಲಮಗ್ಗುಲಲ್ಲಿ ಬ್ಯಾನಿ ಮೊದಲಿನ ಹಾಗೆಯೇ, ಸೊಂಟದಿಂದ ತೊಡೆಯ ಸಂದಿಗೆ ಹಲ್ಲೂರಿ ಇಳಿಯಿತು. ಮೈಯನ್ನು ನಡುವೆ ಕತ್ತರಿಸಿ ಅರ್ಧ ಮಾತ್ರ ಹೊಲಿದ ಹಾಗಿತ್ತು.

ಡಾಕ್ಟರು ಸ್ಪಿರಿಟ್ಟಿನ ಹತ್ತಿಯನ್ನು ಎಡಗಡೆ ಸವರಿದರು, ಬಲಗಡೆ ಸವರಿದರು. ಎರಡೂ ಕಡೆ ಒಂದೇ ಥರ ಅನ್ನಿಸುತ್ತಿದೆಯೇ, ಒಂದು ಕಡೆ ತಣ್ಣಗಿದೆಯೇ ಎಂದು ಕೇಳಿದರು. ಒಮ್ಮೊಮ್ಮೆ ಔಷಧಿ ಒಂದೇ ಮಗ್ಗುಲಿಗೆ ಹರಿಯುತ್ತದೆ, ಹಾಗಾದರೆ ಸರಿಮಾಡಬಹುದು, ಅದಕ್ಕೇ ಕೇಳುವುದು ಎಂದರು. ಎಡಗಡೆ ತಂಪೇ ತಿಳಿಯಲಿಲ್ಲ, ಬಲಗಡೆ ಹತ್ತಿ ಮಂಜಿನಂತೆ ತಣ್ಣಗಿತ್ತು. ಒಂದ ಥರ ಐತ್ರಿ ಎಂದಳು ದುರ್ಗಾದೇವಿ. ಸುಳ್ಳು ಅಷ್ಟು ಸಲೀಸಾಗಿ ಹೊರಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಅವರು ಅವಳ ಮುಖವನ್ನೊಮ್ಮೆ ನೋಡಿ, ನಂಬಿ, ಏನಾದರೂ ಹೆಚ್ಚುಕಡಿಮೆ ಆದರೆ ಕರೆಯಿರಿ ಎಂದು ಪೀರ್‌ಬೀಗೆ ಹೇಳಿ ಪಕ್ಕದ ಆಪರೇಷನ್ ಕೋಣೆಗೆ ಹೋದರು.

ಆಮೇಲಿನ ಹೊತ್ತು ಹೇಗೆ ಹೋಯಿತು ಎಂದು ಅವಳಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಎಡಗಡೆ ಈ ದಿನವಿತ್ತು: ಬಿಸಿಲು, ಗಿರಣಿಯ ಸದ್ದು, ಕೂಸಿನ ಎದೆಬಡಿತವನ್ನು ಟಕಟಕ ಎಂದು ಕೇಳಿಸುತ್ತಿದ್ದ ಯಂತ್ರ. ಬಲಗಡೆ ಲಿಂಗಸುಗೂರಿತ್ತು. ಬ್ಯಾನಿ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ ಆ ಕಡೆಗೆ ಹೋಗಿಬರುತ್ತಿದ್ದಳು. ಗುಂಡಿ ಅಂಗೈಯಲ್ಲೇ ಬೆವರುತ್ತಿತ್ತು, ಒತ್ತಲಿಲ್ಲ. ಇಬ್ಬರಿಗೂ ಅರ್ಧರ್ಧ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅನ್ನಿಸಿದ್ದು ನ್ಯಾಯವೆಂದೇ ತೋರುತ್ತಿತ್ತು. ಆದರೆ ಬ್ಯಾನಿಗಳು ಹತ್ತಿರ ಹತ್ತಿರ ಬರತೊಡಗಿದಂತೆ ಇನ್ನೊಂದು ಸಂಶಯ ಹುಟ್ಟಿತು. ಕಣ್ಣು ಮುಚ್ಚಿ ಅತ್ತ ಹೋದಾಗ ಅಲ್ಲಿ ಕೂಸೇನೂ ಸಿಗುತ್ತಿರಲಿಲ್ಲ. ಅದೇ ಗೋಡೆ, ಅದೇ ಹಕ್ಕಳೆ. ಬಂದವಳನ್ನು ನೋಡಲು ಕೂಡ ಅಲ್ಲಿ ಯಾರೂ ತಿರುಗುತ್ತಿರಲಿಲ್ಲ. ಇಷ್ಟು ನೋವು ತಿಂದು ತಾನು ಸಲ್ಲಿಸುತ್ತಿರುವುದು ಯಾರಿಗೆ?

ಸೀರೆ ಹರಿಯುವ ಸದ್ದು ಯಾವಾಗಲೋ ನಿಂತಿತ್ತು. ಕಣ್ಣು ತೆರೆದರೆ ಮುದುಕಮ್ಮ ಮಂಚದ ಕಾಲ್ದೆಸೆಯಲ್ಲಿ, ಅವತ್ತು ನಿಂತಂತೆಯೇ ನಿಂತಿದ್ದಳು.

“ಎಡಗಾಲು ಸುಮ್ನೈತಿ. ಬಲಗಾಲಿನ ಬೆರಳು ಬ್ಯಾನಿ ಬಂದಾಗೊಮ್ಮೆ ಮುದುಡಾಕತ್ತಾವು. ಆಗಿಂದ ನೋಡಾಕತ್ತೀನಿ. ಡಾಕ್ಟರಗ ಯಾಕ ಸುಳ್ಳು ಹೇಳಿದಿ?”

“ಇರ್ಲಿ ಬಿಡ್ರಿ ಅತ್ತಿ. ಇಷ್ಟು ನಾ ತಡ್ಕೊಂತೀನಿ.”

“ತಡ್ಕೊಳ್ಳಾಕ ಯಾರಿಗೆ ಹರಕಿ ಹೊತ್ತೀದಿ?”

ಇನ್ನೊಂದು ಬ್ಯಾನಿ ಬಂದು ಹೋಯಿತು. ಬೆವರು ಕಿವಿಯೊಳಗೆ ಇಳಿಯಿತು. ಎರಡು ವರ್ಷ ಬಾಯಿಗೆ ಬಾರದಿದ್ದದ್ದು ಈಗ ಉಸಿರಿನ ಜೊತೆಗೇ ಬಂತು.

“ಮೊದಲಿಂದಕ್ಕ,” ಎಂದಳು ದುರ್ಗಾದೇವಿ. “ಅದರ ಮಾರಿ ಸೈತ ನಾ ನೋಡ್ಲಿಲ್ಲ. ತಂದು ತೋರ್ಸಿದ್ರೂ ಗ್ವಾಡಿ ಕಡೆ ಹೊಳ್ಳಿಕೊಂಡೆ.”

ಮುದುಕಮ್ಮನ ಕೈ ಮುದುಡಿದ ಬಲಪಾದದ ಮೇಲೆ ಬಂದು ಕೂತಿತು. ಒರಟು ಅಂಗೈ, ಸಸಿ ಹಚ್ಚಿ, ಹತ್ತಿ ಬಿಡಿಸಿ ಬಿರುಕುಬಿಟ್ಟದ್ದು.

“ನಾ ನೋಡೀನಿ,” ಎಂದಳು.

ದುರ್ಗಾದೇವಿ ಅವಳ ಮುಖ ನೋಡಿದಳು.

“ಲಿಂಗಸುಗೂರಿಂದ ಮುದಗಲ್ ತನಕ ಟಂಟಂನ್ಯಾಗ ನನ್ನ ಉಡ್ಯಾಗ ಇತ್ತು. ಗಂಡಸರ ಕೈಯಾಗ ಕೊಡಾಕ ಮನಸು ಬರ್ಲಿಲ್ಲ. ತೆಲಿತುಂಬ ಕೂದಲಿದ್ದುವು. ಮೂಗು ನಿಂದ. ಎಡಗಿವಿ ಒಂಚೂರು ಮಡಚಿತ್ತು. ನಾ ಬೆರಳಲೆ ಬಿಡಿಸಿದೆ, ಮತ್ತ ಮಡಚಿಕೊಂತು.”

ಮಣ್ಣು ಮಾಡಿ, ಮರುದಿನ ಸಂಜೆ ತಿರುಗಿ ದವಾಖಾನೆಗೆ ಬಂದು ಇದನ್ನೆಲ್ಲ ಹೇಳಬೇಕೆಂದೇ ಮಂಚದ ಹತ್ತಿರ ನಿಂತಿದ್ದಳಂತೆ. ಸೊಸೆಯ ಮುಖ ನೋಡಿದರೆ ಬಾಯಿ ಬರಲಿಲ್ಲವಂತೆ; ಹೇಳಿದರೆ ಹುಣ್ಣು ಕೆದರಿದಂತಾದೀತು ಎಂದು ಹೊದಿಕೆ ಸರಿಮಾಡಿ ಹೋದಳಂತೆ. ಆಮೇಲೆ ಹೇಳುವ ದಿನ ಬರಲೇ ಇಲ್ಲ. ಇದನ್ನು ಮುದುಕಮ್ಮ ಬಹಳ ಸಾದಾ ದನಿಯಲ್ಲಿ, ಪಾದವನ್ನು ತಿಕ್ಕುತ್ತ, ಬೇರೆಯವರ ಮನೆಯ ಸುದ್ದಿಯಂತೆ ಹೇಳಿದಳು. ದುರ್ಗಾದೇವಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಡಚಿದ ಕಿವಿ. ಅಷ್ಟೇ ಸಾಕಾಗಿತ್ತು, ಅದರ ಸುತ್ತ ಒಂದು ಕೆನ್ನೆ ಬಂತು, ಕೆನ್ನೆಯ ಪಕ್ಕ ಮೂಗು ಬಂತು, ಗೋಡೆ ಇದ್ದ ಕಡೆ ಒಂದು ಮುಖ ತಾನಾಗಿ ತಿರುಗಿತು.

“ಅದನ್ನ ಹಡದದ್ದು ಮುಗದೈತಿ, ಬೇ,” ಎಂದಳು ಮುದುಕಮ್ಮ. “ಒಂದು ಕೂಸನ್ನ ಎರಡು ಸಲ ಹಡಿಯಾಕ ಬರಂಗಿಲ್ಲ. ಇದರ ಪಾಲು ಇದಕ್ಕ ಕೊಡು. ಕರೀಲೇನು ಡಾಕ್ಟರನ್ನ?”

ಕರೆಯಿರಿ ಎಂದು ದುರ್ಗಾದೇವಿ ತಾನೇ ಹೇಳಿದಳು.

ಬಸವಂತರಾಯರು ಬಂದು ಮತ್ತೆ ಹತ್ತಿ ಸವರಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರು, ದನಿಯಲ್ಲಿ ಸಿಟ್ಟಿರಲಿಲ್ಲ, ತನ್ನ ಕೆಲಸ ಅರ್ಧವಾದವನ ಬೇಸರವಿತ್ತು. ಆವಾಗ ತಿಳೀಲಿಲ್ರಿ ಎಂದಳು. ಮುದುಕಮ್ಮ ಕಿಟಕಿಯ ಕಡೆ ನೋಡಿದಳು. ಅವರು ನಳಿಗೆಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು, ಬಲಮಗ್ಗುಲಿಗೆ ಹೊರಳಿಸಿ, ಔಷಧಿ ಹಾಕಿದರು. ಬೆಚ್ಚಗಿನದು ಈ ಬಾರಿ ಬಲಗಡೆಗೆ ಇಳಿಯಿತು, ಸೊಂಟಕ್ಕೆ, ತೊಡೆಗೆ, ಮಂಡಿಗೆ. ಬ್ಯಾನಿ ಹೋಗುವಾಗ ಅವಳಿಗೆ ಒಂದು ಕ್ಷಣ ಅದನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಜಾತ್ರೆಯಲ್ಲೋ ಸಂತೆಯಲ್ಲೋ ಕೈ ಬಿಡಿಸಿಕೊಂಡು ಓಡುವ ಮಗುವನ್ನು ಹಿಡಿಯುವ ಹಾಗೆ. ಹಿಡಿಯಲಿಲ್ಲ. ಮುಂದಿನ ಸಲ ಹೊಟ್ಟೆ ಬಿಗಿದಾಗ ಎರಡೂ ಮಗ್ಗುಲಲ್ಲಿ ಒಂದೇ ಬಿಗಿತ ಬಂದು ಒಂದೇ ಸಮನೆ ಇಳಿಯಿತು. ಅವಳಿಗೆ ನಿದ್ದೆ ಬಂತು.

ಎಬ್ಬಿಸಿದಾಗ ಬಿಸಿಲು ಕಿಟಕಿಯಿಂದ ಆಚೆ ಸರಿದಿತ್ತು. ಹೆರಿಗೆ ಮಾಡಿಸುವ ಡಾಕ್ಟರಮ್ಮ ಬಂದು ಈಗ ಮುಕ್ಕರಿಸು ಎಂದಳು. ನೋವಿರಲಿಲ್ಲ, ಭಾರವಿತ್ತು, ದೊಡ್ಡದೊಂದು ತನ್ನದೇ ದಾರಿ ಮಾಡಿಕೊಂಡು ಕೆಳಗಿಳಿಯುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಮೊದಲ ಸಲ ಅವಳು ನೋವಿನ ಕೈಯಿಂದ ಹೇಗಾದರೂ ತಪ್ಪಿಸಿಕೊಳ್ಳಲು ಮುಕ್ಕರಿಸಿದ್ದಳು. ಈಗ ಬರುವವರನ್ನು ಬಾಗಿಲವರೆಗೆ ಹೋಗಿ ಕರೆತರುವಂತೆ ಮುಕ್ಕರಿಸಿದಳು. ಸುಲಭವೇನೂ ಆಗಲಿಲ್ಲ. ಕೂಸು ಬಹಳ ಹೊತ್ತು ಬಂದು ಬಂದು ಹಿಂದೆ ಸರಿಯಿತು. ಒಮ್ಮೆ ಟಕಟಕ ಸದ್ದು ನಿಧಾನವಾಗಿ ಡಾಕ್ಟರಮ್ಮನ ಮಾತು ನಿಂತಿತು, ಆ ನಿಂತ ಮಾತನ್ನು ದುರ್ಗಾದೇವಿ ಗುರುತಿಸಿದಳು. ಆಮೇಲೆ ಸದ್ದು ಮತ್ತೆ ಚುರುಕಾಯಿತು. ಗಂಡು ಕೂಸು, ಅತ್ತುಕೊಂಡೇ ಬಂದಿತು. ಎದೆಯ ಮೇಲೆ ಹಾಕಿದಾಗ ಅದರ ಎರಡೂ ಕಿವಿ ನೆಟ್ಟಗಿದ್ದವು. ಅವಳು ಮೊದಲು ನೋಡಿದ್ದು ಅದನ್ನೇ.

ಕನಕರಾಯ ಒಳಗೆ ಬಂದು ಮಗನನ್ನು ನೋಡಿ, ಹೆಂಡತಿಯನ್ನು ನೋಡಿ, ಜೋಡಿದು ತಗೊಂಡಿದ್ರ ಇನ್ನಾ ಲಗೂ ಆಕ್ಕಿತ್ತು ಎಂದು, ಅದು ಆಡಬಾರದ ಮಾತು ಎಂದು ಆಡಿದ ಮೇಲೆ ತಿಳಿದು, ಮುಖ ಒರೆಸಿಕೊಳ್ಳುತ್ತ ಮುದಗಲ್ಲಿಗೆ ಫೋನು ಮಾಡಲು ಹೊರಗೆ ಹೋದ. ದುರ್ಗಾದೇವಿಗೆ ಅವನ ಮೇಲೆ ಪ್ರೀತಿ ಬಂತು. ಕಾಲುಗಳಲ್ಲಿ ಜೋಮು ಏಳುತ್ತಿತ್ತು. ಹರಿದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸು ಅವಳ ಮಗ್ಗುಲಲ್ಲಿ ಮಲಗಿತ್ತು, ಮುದುಕಮ್ಮ ಸ್ಟೂಲಿನ ಮೇಲೆ ಕೂತು ಅದರ ಮೇಲೆ ನೊಣ ಕೂರದಂತೆ ಸೆರಗು ಆಡಿಸುತ್ತಿದ್ದಳು. ಗಿರಣಿಯ ಸಂಜೆಯ ಪಾಳಿಯವರು ಮಾತಾಡುತ್ತ ಒಳಹೋಗುವುದು ಕೇಳಿಸುತ್ತಿತ್ತು.

ಇದಕ್ಕೆ ಏನು ಹೆಸರು ಇಡುವುದೋ ಎಂದಳು ಮುದುಕಮ್ಮ. ಅದರ ಅಪ್ಪ ಯಾವುದೋ ನೋಡಿಟ್ಟುಕೊಂಡಿದ್ದಾನೆ ಎಂದಳು ದುರ್ಗಾದೇವಿ. ಆಮೇಲೆ ಕೂಸಿನ ಕಡೆಯೇ ನೋಡುತ್ತ ಹೇಳಿದಳು:

“ಅದಕ್ಕ ಹೆಸರು ಇಡ್ಲೇ ಇಲ್ಲ.”

ಆಡುತ್ತಿದ್ದ ಸೆರಗು ನಿಂತಿತು.

“ಇಟ್ಟೀನಿ,” ಎಂದಳು ಮುದುಕಮ್ಮ. “ಹೆಸರಿಲ್ದ ಮಣ್ಣಿಗೆ ಕೊಡಬಾರ್ದು ಅನ್ನಿಸ್ತು. ಮುದಗಲ್ ಕ್ವಾಟಿ ಕಾಣಾಕತ್ತಿತು, ಊರು ಬಂದಬಿಡ್ತು, ಗಾಬರಿಗೆ ಒಂದು ಹೆಸರೂ ನೆನಪಾಗ್ಲಿಲ್ಲ. ಆ ಮಡಚಿದ ಕಿವ್ಯಾಗ ನನ್ನ ಹೆಸರನ್ನ ಹೇಳಿಬಿಟ್ಟೆ.”

ಹೇಳಿ, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು. ಒಂದು ಹಗಲನ್ನೂ ಕಾಣದ ಕೂಸಿಗೆ ಮುದುಕಿ ಅನ್ನುವ ಹೆಸರು ಇಡಬಹುದೇ ಎಂದು ತನಗೆ ಆಮೇಲೆ ಅನ್ನಿಸಿತು ಎಂದು ಮೆಲ್ಲಗೆ ಸೇರಿಸಿದಳು.

ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ರೂಢಿ ಅವರ ಮನೆಗಳಲ್ಲಿರಲಿಲ್ಲ. ಮದುವೆಯಾದಾಗಿನಿಂದ ದುರ್ಗಾದೇವಿ ರೇಷನ್ ಅಂಗಡಿಯಲ್ಲಿ, ದವಾಖಾನೆಯಲ್ಲಿ, ಯಾರು ಕೇಳಿದರೂ ಪಕ್ಕದವರ ಕೈಯಿಂದ ಹೇಳಿಸಿ ತಪ್ಪಿಸಿಕೊಂಡು ಬಂದಿದ್ದಳು. ಈಗ ಅವಳು ಕೂಸಿನ ಬೆನ್ನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚದೆ, ಆ ಹೆಸರನ್ನು ಒಮ್ಮೆ ಕರೆದಳು.

“ಮುದುಕಮ್ಮಾ.”

ಅತ್ತೆ ಓಗೊಡಲಿಲ್ಲ. ಕರೆದದ್ದು ತನ್ನನ್ನಲ್ಲ ಎಂದು ಅವಳಿಗೆ ಗೊತ್ತಿತ್ತು.